ದಾವಣಗೆರೆಯಲ್ಲಿ ಗೈನೆಕೊಮಾಸ್ಟಿಯಾ ಆಪರೇಷನ್ ಮಾಡಿಸ್ಕೊಂಡೆ, ಐದು ತಿಂಗಳಾದ್ಮೇಲೆ ಬರೀತಿದೀನಿ

ಗೈನೆಕೊಮಾಸ್ಟಿಯಾ ಅಂದ್ರೆ ಗಂಡಸ್ರಿಗೆ ಹೆಂಗಸ್ರಂಗೆ ಎದೆ ಬೆಳೆಯೋದು. ಫೆಬ್ರವರಿಯಲ್ಲಿ ಆಪರೇಷನ್ ಆಯ್ತು, ಈಗ ಜುಲೈ. ಊತ ಪೂರ್ತಿ ಇಳಿದು ಎದೆ ತನ್ನ ಆಕಾರಕ್ಕೆ ಬರೋಕೆ ಆರು ತಿಂಗಳು ಹಿಡಿಯುತ್ತೆ ಅಂತ ಡಾಕ್ಟ್ರು ಹೇಳಿದ್ರು, ಹಂಗಾಗಿ ಇನ್ನೊಂದು ತಿಂಗಳು ಕಾದು ಬರೆಯೋಣ ಅಂತಿದ್ದೆ. ಆದ್ರೆ ಹೋದ ವಾರ ನಮ್ಮ ಅಂಗಡೀಲಿ ಕೆಲಸ ಮಾಡೋ ಹರಿಹರದ ಹುಡುಗ ನನ್ನನ್ನ ಗೋಡೌನ್ ಕಡೆ ಕರ್ಕೊಂಡು ಹೋಗಿ, ಅಣ್ಣಾ ಒಂದು ತೋರಿಸ್ತೀನಿ ಯಾರಿಗೂ ಹೇಳ್ಬೇಡ ಅಂತ ಮೊಬೈಲ್ ಕೈಗೆ ಕೊಟ್ಟ, ನೋಡಿದ್ರೆ ಇದೇ ಆಪರೇಷನ್ ಬಗ್ಗೆ ಬೆಂಗಳೂರಿನ ಯಾವುದೋ ಏಜೆನ್ಸಿಯವ್ರ ಮೆಸೇಜು. ಅರ್ಧ ಗಂಟೆ ಕೆಲಸ, ಅವತ್ತೇ ಮನೆಗೆ, ಗಾಯ ಇಲ್ಲ ನೋವಿಲ್ಲ, ಐದು ಸಾವಿರ ಅಡ್ವಾನ್ಸ್ ಕಟ್ಟಿ ಡೇಟ್ ಹಿಡ್ಕೊಳ್ಳಿ ಅಂತ. ಆ ಹುಡುಗನ್ನ ಒಬ್ಬ ಡಾಕ್ಟ್ರೂ ಮುಟ್ಟಿ ನೋಡಿರ್ಲಿಲ್ಲ, ಇವನು ಫೋಟೋ ಕಳಿಸಿದ್ದ ಅಷ್ಟೇ. ಅದಕ್ಕೇ ಈಗ್ಲೇ ಕೂತು ಬರೀತಿದೀನಿ.

ಆಸ್ಪತ್ರೆ ಹೆಸರು, ಡಾಕ್ಟ್ರ ಹೆಸರು ಎರಡೂ ಹಾಕಲ್ಲ. ಹೊಗಳಿರೋದೂ ಇದೆ, ಬೇಜಾರಾಗಿದ್ದೂ ಇದೆ. ನಮ್ಮೂರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದ ಇದೆ, ಎಸ್ ಎಸ್ ಮೆಡಿಕಲ್ ಕಾಲೇಜೂ ಇದೆ, ನಾನು ಮಾಡಿಸ್ಕೊಂಡಿದ್ದು ಅವೆರಡರಲ್ಲೂ ಅಲ್ಲ, ಒಂದು ಪ್ರೈವೇಟ್ ಆಸ್ಪತ್ರೆ. ಚಿತ್ರದುರ್ಗ, ರಾಣೆಬೆನ್ನೂರು, ಹರಪನಹಳ್ಳಿ ಕಡೆಯವ್ರೆಲ್ಲ ಚಿಕಿತ್ಸೆಗೆ ಅಂತ ನಮ್ಮೂರಿಗೇ ಬರ್ತಾರೆ, ನಾನು ಮಾತ್ರ ಇಂಥದ್ದಕ್ಕೆ ಬೆಂಗಳೂರೇ ಗತಿ ಅಂತ ಮೂರು ವರ್ಷ ನಂಬ್ಕೊಂಡು ಕೂತಿದ್ದೆ.

ನಂಗೆ ಶುರುವಾಗಿದ್ದು ಎಂಟನೇ ಕ್ಲಾಸಲ್ಲಿ. ಮೊದಲು ಮೊಲೆತೊಟ್ಟಿನ ಕೆಳಗೆ ಒಂದು ಸಣ್ಣ ಗಂಟು, ಮುಟ್ಟಿದ್ರೆ ನೋವು, ಆಮೇಲೆ ನೋವು ಹೋಯ್ತು ಗಂಟು ಬೆಳೀತು. ಕಬಡ್ಡಿ ಆಡಿಸುವಾಗ ಪಿಟಿ ಮೇಷ್ಟ್ರು ಒಂದು ಟೀಮಿನವ್ರಿಗೆ ಅಂಗಿ ಬಿಚ್ಚಿ ಅಂತಿದ್ರು, ಆ ಟೀಮು ನನ್ನದಾದ ದಿನ ಹೊಟ್ಟೆನೋವು ಅಂತ ಹೇಳಿ ಮರದ ಕೆಳಗೆ ಕೂರ್ತಿದ್ದೆ. ನಮ್ಮ ದೊಡ್ಡಪ್ಪ ಗರಡಿ ಮನೆ ಪೈಲ್ವಾನ್ರು, ದಾವಣಗೆರೇಲಿ ಹುಟ್ಟಿ ಮಟ್ಟಿ ಮುಟ್ಟದೇ ಇರೋದಾ ಅಂತ ಎಷ್ಟು ಸಲ ಕರೆದ್ರೂ ನಾನು ಹೋಗ್ಲಿಲ್ಲ, ಲಂಗೋಟಿ ಕಟ್ಕೊಂಡು ಎಲ್ಲರ ಮುಂದೆ ನಿಲ್ಲೋದು ಹೆಂಗೆ. ಅವರಿಗೆ ಕಾರಣ ಗೊತ್ತಾಗಿದ್ದು ಈ ವರ್ಷ. ಹರಿಹರಕ್ಕೆ ಹೋದ್ರೆ ಹೊಳೆಗೆ ಇಳಿಯಲ್ಲ, ಅಂಗಿ ತೆಗೆದು ಒಳಗೆ ಹೋಗೋ ದೇವಸ್ಥಾನ ಆದ್ರೆ ಹೊರಗೇ ಚಪ್ಪಲಿ ಕಾಯ್ತೀನಿ ಅಂತ ನಿಲ್ಲೋದು, ಬೇಸಿಗೇಲೂ ಬನಿಯನ್ ಮೇಲೆ ಬನಿಯನ್, ಅದರ ಮೇಲೆ ಕಪ್ಪು ಅಂಗಿ. ಹದಿಮೂರು ವರ್ಷ ಹಿಂಗೇ ಕಳೀತು.

ಅಪ್ಪಾಜಿ ಹೇಳ್ತಿದ್ದಿದ್ದು ಒಂದೇ ಮಾತು, ಬೆಳಿಗ್ಗೆ ಎದ್ದು ಓಡು, ಮೈ ಕರಗುತ್ತೆ. ಓಡಿದೆ. ಎರಡು ವರ್ಷ ಜಿಮ್ಮಿಗೂ ಹೋದೆ, ಎಂಟು ಕೆಜಿ ಇಳಿದೆ, ಹೊಟ್ಟೆ ಹೋಯ್ತು ಎದೆ ಹೋಗ್ಲಿಲ್ಲ, ಸುತ್ತ ಇದ್ದ ಕೊಬ್ಬು ಕರಗಿದ್ದಕ್ಕೆ ಅದು ಇನ್ನೂ ಎದ್ದು ಕಾಣೋಕೆ ಶುರುವಾಯ್ತು. ಆ ಜಿಮ್ಮಲ್ಲಿ ಒಬ್ಬ ಸ್ಟಿರಾಯ್ಡ್ ಇಂಜೆಕ್ಷನ್ ಕೋರ್ಸ್ ಮಾಡು ಎದೆ ಗಟ್ಟಿಯಾಗುತ್ತೆ ಅಂದಿದ್ದ, ಪುಣ್ಯಕ್ಕೆ ತಗೊಳ್ಳಲಿಲ್ಲ. ಆಮೇಲೆ ಡಾಕ್ಟ್ರು ಹೇಳಿದ್ದು ಏನಂದ್ರೆ ಆ ಸ್ಟಿರಾಯ್ಡಲ್ಲಿ ಒಂದಷ್ಟು ಭಾಗ ಮೈಯೊಳಗೆ ಈಸ್ಟ್ರೋಜನ್ ಅನ್ನೋ ಹೆಂಗಸ್ರ ಹಾರ್ಮೋನ್ ಆಗಿ ಬದಲಾಗುತ್ತೆ, ಇಲ್ಲದವ್ರಿಗೂ ಎದೆ ಬೆಳೆಯೋದು ಅದರಿಂದಾನೇ.

ನಾನೂ ಮೊದಲು ಫೋನ್ ಮಾಡಿದ್ದು ಒಂದು ಏಜೆನ್ಸಿಗೇ. ಇವ್ರು ಆಸ್ಪತ್ರೆ ಅಲ್ಲ, ಬೇರೆಬೇರೆ ಆಸ್ಪತ್ರೆ ಜೊತೆ ಮಾತಾಡ್ಕೊಂಡು ಪೇಷೆಂಟ್ ಕಳಿಸೋರು. ಫೋನೆತ್ತಿದ ಹುಡುಗಿ ತುಂಬ ಮರ್ಯಾದೆಯಿಂದ ಮಾತಾಡಿದ್ರು, ಆದ್ರೆ ಎರಡನೇ ನಿಮಿಷಕ್ಕೇ ಇಎಂಐ ಬಗ್ಗೆ ಶುರು. 45 ಸಾವಿರ ಅಂದಿದ್ದು ಮೂರನೇ ಫೋನಿಗೆ 80 ಆಯ್ತು. ಯಾವ ಡಾಕ್ಟ್ರು ಮಾಡ್ತಾರೆ ಅಂತ ಕೇಳಿದ್ರೆ ನಮ್ಮ ಪ್ಯಾನೆಲಲ್ಲಿ ಇರೋರು ಅಂತಾರೆ, ಹೆಸರು ಅಡ್ವಾನ್ಸ್ ಆದ್ಮೇಲೆ. ಗ್ಲ್ಯಾಂಡ್, ಅಂದ್ರೆ ಎದೆಯೊಳಗಿನ ಗಟ್ಟಿ ಗ್ರಂಥಿ, ತೆಗೀತಾರಾ ಬರೀ ಕೊಬ್ಬು ಎಳೀತಾರಾ ಅಂದ್ರೆ ಅದೆಲ್ಲಾ ಲೇಸರಲ್ಲಿ ಆಗೋಗುತ್ತೆ ಸರ್ ಅಂದ್ರು. ನಂಗೆ ಆವಾಗ ಏನೂ ಗೊತ್ತಿರ್ಲಿಲ್ಲ, ಆದ್ರೂ ನನ್ನ ಮೈಯನ್ನ ಯಾರು ಕೊಯ್ತಾರೆ ಅಂತ ಹೇಳದೇ ದುಡ್ಡು ಕೇಳ್ತಾರಲ್ಲ ಅಂತ ಮನಸ್ಸು ಒಪ್ಪಲಿಲ್ಲ. ಒಂದು ತಿಂಗಳು ದಿನಾ ಫೋನ್ ಮಾಡಿದ್ರು, ಊಟದ ಹೊತ್ತಲ್ಲಿ, ಅಂಗಡೀಲಿ ಗಿರಾಕಿ ಮುಂದೆ. ಕೊನೆಗೆ ಬ್ಲಾಕ್ ಮಾಡಿದೆ.

ಆಮೇಲೆ ನಮ್ಮ ಮನೆ ಹತ್ರದ ಮೆಡಿಕಲ್ ಶಾಪಿನ ಅಣ್ಣನ ಹತ್ರ ಧೈರ್ಯ ಮಾಡಿ ಕೇಳಿದೆ. ಅವ್ರು ನಗಲಿಲ್ಲ, ಅದೇ ನಂಗೆ ದೊಡ್ಡದು. ಇಲ್ಲೇ ಪ್ಲಾಸ್ಟಿಕ್ ಸರ್ಜನ್ ಇದ್ದಾರೆ ಹೋಗು, ತಿಂಗಳಿಗೆ ಮೂರ್ನಾಲ್ಕು ಹುಡುಗ್ರು ಎದೆ ಒತ್ತಿ ಹಿಡಿಯೋ ಬಿಗಿ ಬನಿಯನ್ ಕೇಳ್ಕೊಂಡು ನನ್ ಅಂಗಡಿಗೆ ಬರ್ತಾರೆ ಅಂದ್ರು. ಕೇಳಿ ನಂಗೆ ಆಶ್ಚರ್ಯ ಆಯ್ತು, ದಾವಣಗೆರೇಲಿ ನಾನೊಬ್ಬನೇ ಅಂದ್ಕೊಂಡಿದ್ದೆ.

ಓಪಿಡಿ ಫೀಸು 400. ಒಂದೂವರೆ ಗಂಟೆ ಕಾಯ್ಬೇಕಾಯ್ತು, ರಿಸೆಪ್ಷನ್ನಲ್ಲಿ ಏನು ತೊಂದ್ರೆ ಅಂತ ಎಲ್ಲರೆದುರು ಜೋರಾಗಿ ಕೇಳ್ತಾರೆ, ಇದು ನನ್ನ ಮೊದಲ ದೂರು. ಒಂದು ಚೀಟೀಲಿ ಬರ್ಸ್ಕೊಂಡ್ರೆ ಸಾಕು ತಾನೆ. ನಾನು ಎದೆ ನೋವು ಅಂದೆ, ಅವ್ರು ಹಾರ್ಟ್ ಡಾಕ್ಟ್ರ ಕಡೆ ಕಳಿಸೋಕೆ ಹೊರಟ್ರು, ಆಮೇಲೆ ಹತ್ರ ಹೋಗಿ ಮೆಲ್ಲಗೆ ಹೇಳ್ಬೇಕಾಯ್ತು.

ಒಳಗೆ ಮಾತ್ರ ಬೇರೆ ಥರ. ಡಾಕ್ಟ್ರಿಗೆ ಐವತ್ತು ದಾಟಿದೆ, ಬಾಗಿಲು ಹಾಕಿ ಕೂರಿಸಿ ಮೊದಲು ಕೇಳಿದ್ದು ಎದೆ ಬಗ್ಗೆ ಅಲ್ಲ, ಮಾತ್ರೆ ಬಗ್ಗೆ. ಕೂದಲು ಉದುರೋದಕ್ಕೆ ಫಿನಾಸ್ಟೆರೈಡ್ ತಗೋತೀಯಾ, ಬಿಪಿಗೆ ಅಥವಾ ಲಿವರಿಗೆ ಅಂತ ಸ್ಪೈರೊನೊಲ್ಯಾಕ್ಟೋನ್ ಇದೆಯಾ, ಮನಸ್ಸಿನ ಕಾಯಿಲೆಗೆ ರಿಸ್ಪೆರಿಡೋನ್ ಥರದ್ದು ತಗೊಂಡಿದೀಯಾ, ಜಿಮ್ ಇಂಜೆಕ್ಷನ್, ಕುಡಿತ, ಎಲ್ಲಾ. ಇವುಗಳಿಂದ ಬಂದಿದ್ರೆ ಮೊದಲು ಅದನ್ನ ನಿಲ್ಲಿಸಿ ನೋಡ್ಬೇಕು, ಅದೂ ಬರೆದುಕೊಟ್ಟ ಡಾಕ್ಟ್ರನ್ನ ಕೇಳಿನೇ, ನಾವಾಗೇ ಬಿಡಂಗಿಲ್ಲ. ಆಮೇಲೆ ಮಲಗಿಸಿ ಹೆಬ್ಬೆರಳು ತೋರುಬೆರಳು ಎರಡನ್ನೂ ಎದೆಯ ಎರಡು ಕಡೆಯಿಂದ ಮೆಲ್ಲಗೆ ಒತ್ಕೊಂಡು ಮೊಲೆತೊಟ್ಟಿನ ಕಡೆ ತಂದ್ರು. ನನ್ನ ಕೈ ಹಿಡ್ಕೊಂಡು ನನ್ನ ಕೈಯಲ್ಲೂ ಮಾಡಿಸಿದ್ರು. 'ಸಿಕ್ತಾ? ರಬ್ಬರ್ ಬಿಲ್ಲೆ ಇದ್ದಂಗೆ ಇದೆಯಲ್ಲ, ಇದು ಗ್ಲ್ಯಾಂಡ್. ಬರೀ ಕೊಬ್ಬಾಗಿದ್ರೆ ಬೆರಳೆರಡೂ ಎಲ್ಲೂ ತಡೆಯದೇ ಒಂದಕ್ಕೊಂದು ಸೇರ್ತಿತ್ತು ನೋಡಪ್ಪಾ.' ಹದಿಮೂರು ವರ್ಷದ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಹತ್ತು ಸೆಕೆಂಡಲ್ಲಿ. ಇದನ್ನೇ ಯಾಕೆ ಇಷ್ಟು ಎಳೆದು ಹೇಳ್ತಿದೀನಿ ಅಂದ್ರೆ ಮುಂದಿಂದೆಲ್ಲ ಇದರ ಮೇಲೆ ನಿಂತಿದೆ, ಗ್ಲ್ಯಾಂಡಾ ಕೊಬ್ಬಾ ಎರಡೂನಾ ಅಂತ ಬೆರಳಲ್ಲಿ ನೋಡದೇ ರೇಟ್ ಹೇಳೋರ ಹತ್ರ ಹೋಗ್ಲೇಬೇಡಿ.

ವೃಷಣಾನೂ ಪರೀಕ್ಷೆ ಮಾಡಿದ್ರು. ಮುಜುಗರ ಆಯ್ತು, ಆದ್ರೆ ಕಾರಣ ಹೇಳಿದ್ರು, ವೃಷಣದಲ್ಲಿ ಗೆಡ್ಡೆ ಇದ್ರೆ ಅದು ಹಾರ್ಮೋನ್ ಬಿಟ್ಟು ಎದೆ ಬೆಳೆಸಬಹುದು, ಕೆಲವ್ರಿಗೆ ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುತ್ತೆ, ಕ್ಲೈನ್‌ಫೆಲ್ಟರ್ ಅಂತಾರೆ, ಅವ್ರಲ್ಲಿ ವೃಷಣ ಸಣ್ಣದಿರುತ್ತೆ. ರಕ್ತಕ್ಕೆ ಟೆಸ್ಟೋಸ್ಟೆರಾನ್, ಈಸ್ಟ್ರಡಯಾಲ್, ಎಲ್ ಎಚ್, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್‌ಗಳು, ಥೈರಾಯ್ಡ್, ಲಿವರ್, ಕಿಡ್ನಿ ಬರೆದ್ರು, ಜೊತೆಗೆ ಎದೆ ಸ್ಕ್ಯಾನಿಂಗ್. ನನ್ನದೆಲ್ಲ ನಾರ್ಮಲ್ ಬಂತು. ಹೆಚ್ಚಿನವ್ರಿಗೆ ಹಿಂಗೇ ಕಾರಣ ಸಿಗಲ್ಲವಂತೆ, ಹರೆಯದಲ್ಲಿ ಹಾರ್ಮೋನ್ ಏರುಪೇರಾದಾಗ ಬಂದಿದ್ದು ಹಂಗೇ ಉಳ್ಕೊಂಡಿರುತ್ತೆ. ಸುಮಾರು ಅರ್ಧದಷ್ಟು ಹುಡುಗ್ರಿಗೆ ಆ ವಯಸ್ಸಲ್ಲಿ ಒಂದಿಷ್ಟು ಬರುತ್ತೆ, ಬಹುಪಾಲು ಎರಡು ವರ್ಷದೊಳಗೆ ತಾನಾಗೇ ಹೋಗುತ್ತೆ, ಹೋಗದೇ ಇರೋರು ನಮ್ಮಂಥವ್ರು. ಇದನ್ನ ಯಾರಾದ್ರೂ ಎಂಟನೇ ಕ್ಲಾಸಲ್ಲೇ ನಮ್ಮಮ್ಮನಿಗೆ ಹೇಳಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಮಾತ್ರೇಲಿ ಹೋಗಲ್ವಾ ಸರ್ ಅಂತ ಕೇಳಿದೆ. ಶುರುವಾದ ಹೊಸದರಲ್ಲಿ, ಗಂಟು ಇನ್ನೂ ಮೆತ್ತಗೆ ನೋವಿದ್ದಾಗ ಟಮಾಕ್ಸಿಫೆನ್ ಥರದ್ದು ಕೆಲಸ ಮಾಡುತ್ತೆ, ಒಂದು ವರ್ಷ ದಾಟಿ ನಾರುಗಟ್ಟಿದ ಮೇಲೆ ಮಾತ್ರೆಗೆ ಕರಗಲ್ಲ ಅಂದ್ರು. ಅಂದ್ರೆ ನಂಗೆ ಆಪರೇಷನ್ ಒಂದೇ ದಾರಿ.

ಆಪರೇಷನ್ನಲ್ಲೂ ಒಂದೇ ಥರ ಇಲ್ಲ. ಅವ್ರು ಚೀಟಿ ಹಿಂದೆ ಚಿತ್ರ ಬರೆದು ಹೇಳಿದ್ದನ್ನ ನಂಗೆ ತಿಳಿದಂಗೆ ಹೇಳ್ತೀನಿ. ಬರೀ ಕೊಬ್ಬಿದ್ದೋರಿಗೆ ಲೈಪೊಸಕ್ಷನ್ ಸಾಕು, ಪಕ್ಕೆ ಕಡೆ ಮೂರ್ನಾಲ್ಕು ಮಿಲಿಮೀಟರ್ ತೂತು, ಅದರೊಳಗೆ ಸಲೈನ್ ಜೊತೆ ಮರಗಟ್ಟಿಸೋ ಲಿಗ್ನೊಕೇನ್, ರಕ್ತನಾಳ ಬಿಗಿಯೋ ಅಡ್ರಿನಲಿನ್ ಬೆರೆಸಿದ ನೀರು ತುಂಬ್ತಾರೆ, ಅದರಿಂದ ರಕ್ತ ಹೋಗೋದು ಕಮ್ಮಿ, ಆಮೇಲೆ ಸಣ್ಣ ಕೊಳವೇಲಿ ಕೊಬ್ಬು ಎಳೀತಾರೆ. ಈ ನೀರು ತುಂಬೋ ಕ್ರಮ 1987ರಲ್ಲಿ ಕ್ಲೈನ್ ಅನ್ನೋ ಅಮೆರಿಕದ ಚರ್ಮದ ಡಾಕ್ಟ್ರು ಬರೆದಿದ್ದು. ಗ್ಲ್ಯಾಂಡ್ ಗಟ್ಟಿ ಇದ್ರೆ ಆ ಕೊಳವೆಗೆ ಬರಲ್ಲ, ಮೊಲೆತೊಟ್ಟಿನ ಸುತ್ತ ಇರೋ ಕಪ್ಪು ಭಾಗದ ಕೆಳಗಿನ ಅಂಚಲ್ಲಿ ಅರ್ಧಚಂದ್ರದಂಗೆ ಕೊಯ್ದು ಕೈಯಲ್ಲೇ ಬಿಡಿಸಿ ತೆಗೀಬೇಕು. ಈ ಕೊಯ್ತ 1946ರಲ್ಲಿ ವೆಬ್‌ಸ್ಟರ್ ಅನ್ನೋರು ಹೇಳ್ಕೊಟ್ಟಿದ್ದು, ಈಗಲೂ ಅದೇ ನಡೀತಿದೆ, ಕಪ್ಪು ಬಿಳಿ ಸೇರೋ ಗೆರೇಲೇ ಬರೋದ್ರಿಂದ ಕಲೆ ಮುಚ್ಚಿಹೋಗುತ್ತೆ. ಕೆಲವು ಸರ್ಜನ್‌ಗಳು ಆ ಪಕ್ಕೆ ತೂತಿಂದಲೇ ಗ್ಲ್ಯಾಂಡನ್ನ ಚೂರುಚೂರಾಗಿ ಎಳೆದು ತೆಗೀತಾರಂತೆ, ಎಲ್ಲರಿಗೂ ಅದು ಹೊಂದಲ್ಲ. ಹೆಚ್ಚಿನ ಹುಡುಗ್ರಿಗೆ ಎರಡೂ ಸೇರಿಸಿ ಮಾಡ್ತಾರೆ, ಸುತ್ತ ಕೊಬ್ಬು ಎಳೆದು ಮಧ್ಯದ ಗ್ಲ್ಯಾಂಡ್ ಕೊಯ್ದು ತೆಗೆಯೋದು. ನಂದೂ ಅದೇ.

ಚರ್ಮ ಜೋತುಬಿದ್ದಿದ್ರೆ ಬೇರೆ ಲೆಕ್ಕ. 1973ರಲ್ಲಿ ಸೈಮನ್ ಅನ್ನೋರು ಮಾಡಿದ ಗ್ರೇಡ್ ಇದೆ. ಒಂದು ಅಂದ್ರೆ ಸಣ್ಣ ಊತ ಚರ್ಮ ಸರಿ ಇದೆ, ಎರಡು ಎ ಅಂದ್ರೆ ಮಧ್ಯಮ, ಚರ್ಮ ಹೆಚ್ಚಿಲ್ಲ, ಎರಡು ಬಿ ಅಂದ್ರೆ ಮಧ್ಯಮ ಗಾತ್ರಕ್ಕೆ ಒಂಚೂರು ಚರ್ಮ ಹೆಚ್ಚು, ಮೂರು ಅಂದ್ರೆ ದೊಡ್ಡದಾಗಿ ಚರ್ಮಾನೂ ಜೋತಿರೋದು. ನಂದು ಎರಡು ಎ. ಮೂರನೇದಕ್ಕೆ ಕಪ್ಪು ಭಾಗದ ಸುತ್ತ ಬಳೆ ಥರ ಚರ್ಮ ತೆಗೆದು ಹೊಲೀತಾರೆ, ತುಂಬ ತೂಕ ಇಳಿಸಿ ಚೀಲದಂಗೆ ಆಗಿರೋರಿಗೆ ಎದೆ ಕೆಳಗೆ ಉದ್ದಕ್ಕೆ ಕೊಯ್ದು ಮೊಲೆತೊಟ್ಟನ್ನೇ ಬಿಡಿಸಿ ಬೇರೆ ಜಾಗಕ್ಕೆ ಕೂರಿಸೋದೂ ಇದೆ, ಅದರ ಕಲೆ ಕಾಣುತ್ತೆ, ಅದನ್ನ ಮೊದಲೇ ಒಪ್ಪಿಕೊಂಡಿರ್ಬೇಕು.

ಇನ್ನೊಂದು ಮಾತು ನನ್ನ ಮನಸ್ಸಲ್ಲಿ ಕೂತಿದೆ. ಪೂರ್ತಿ ತೆಗೆದುಬಿಡಿ ಸರ್ ಒಂಚೂರೂ ಬಿಡಬೇಡಿ ಅಂದೆ. ಅದಕ್ಕೆ ಅವ್ರು, ಪೂರ್ತಿ ಕೆರೆದು ತೆಗೆದ್ರೆ ಮೊಲೆತೊಟ್ಟು ಒಳಗೆ ಕುಸಿದು ತಟ್ಟೆಯಂಗೆ ಗುಳಿ ಬೀಳುತ್ತೆ, ಅದನ್ನ ಸರಿಮಾಡೋದು ಮೊದಲನೇ ಆಪರೇಷನ್ನಿಗಿಂತ ಕಷ್ಟ, ಅದಕ್ಕೇ ಕೆಳಗೆ ಒಂದು ತೆಳು ಬಿಲ್ಲೆ ಬಿಡ್ತೀನಿ ಅಂದ್ರು. ಎಷ್ಟು ತೆಗೀಬೇಕು ಅನ್ನೋದಕ್ಕಿಂತ ಎಷ್ಟು ಬಿಡಬೇಕು ಅನ್ನೋದೇ ಇದ್ರಲ್ಲಿ ಕೈಚಳಕ. ಅದಕ್ಕೇ ಡಾಕ್ಟ್ರ ಓದು ನೋಡಿ, ಎಂ ಎಸ್ ಆದ್ಮೇಲೆ ಪ್ಲಾಸ್ಟಿಕ್ ಸರ್ಜರೀಲಿ ಎಂ ಸಿ ಎಚ್ ಮಾಡಿರ್ಬೇಕು, ಇಲ್ಲಾ ಅದರಲ್ಲೇ ಡಿ ಎನ್ ಬಿ, ಈಗ ಅದನ್ನ ಡಿ ಆರ್ ಎನ್ ಬಿ ಅಂತಾರೆ. ಬೋರ್ಡಲ್ಲಿ ಕಾಸ್ಮೆಟಿಕ್ ಅಂತ ಇದ್ರೆ ಸಾಲಲ್ಲ.

ದುಡ್ಡು ಹೇಳಿಬಿಡ್ತೀನಿ. ಸರ್ಜನ್, ಅರಿವಳಿಕೆ, ಓಟಿ, ಒಂದು ರಾತ್ರಿ ರೂಮು ಸೇರಿ 58 ಸಾವಿರ ಪ್ಯಾಕೇಜು. ಹೊರಗಿಂದ ರಕ್ತ ಮತ್ತೆ ಸ್ಕ್ಯಾನಿಂಗ್ 4,200, ಬಯಾಪ್ಸಿ 1,200, ಒತ್ತುಬನಿಯನ್ ಎರಡಕ್ಕೆ 3,600, ಔಷಧಿ 2,500. ಒಟ್ಟು 69,500. ಬಯಾಪ್ಸಿ ಮತ್ತೆ ಬನಿಯನ್ ಪ್ಯಾಕೇಜಲ್ಲಿ ಇಲ್ಲ ಅಂತ ಬಿಲ್ ಬಂದಾಗಲೇ ಗೊತ್ತಾಗಿದ್ದು, ಇದು ಎರಡನೇ ದೂರು. ಚೀಟಿ ಕಟ್ಟಿದ್ದು 40 ಸಾವಿರ ಎತ್ತಿದೆ, ಉಳಿದಿದ್ದು ಅಂಗಡಿ ಸಾಹುಕಾರ್ರು ಮುಂಗಡ ಕೊಟ್ರು, ಯಾವ ಆಪರೇಷನ್ ಅಂತಾನೂ ಕೇಳಲಿಲ್ಲ ಅವ್ರು. ಇನ್ಶೂರೆನ್ಸ್ ಬರ್ಲಿಲ್ಲ. ಪಾಲಿಸಿ ಪುಸ್ತಕದಲ್ಲಿ ಹೊರಗಿಡೋ ಪಟ್ಟಿ ಇರುತ್ತೆ, ರೂಪ ಬದಲಾಯಿಸೋ ಚಿಕಿತ್ಸೆ, ಆಕ್ಸಿಡೆಂಟು ಸುಟ್ಟಗಾಯ ಕ್ಯಾನ್ಸರ್ ಆದ್ಮೇಲೆ ಮಾಡಿಸೋದು ಅಥವಾ ಆರೋಗ್ಯಕ್ಕೆ ನೇರ ಅಪಾಯ ಇದ್ರೆ ಮಾತ್ರ ಕೊಡೋದು ಅಂತ. ಹದಿಮೂರು ವರ್ಷ ಅಂಗಿ ಬಿಚ್ಚದೇ ಇದ್ದೋನಿಗೆ ಅದು ಅಪಾಯ ಅನಿಸ್ಬಹುದು, ಅವ್ರ ಪುಸ್ತಕದಲ್ಲಿ ಅದಕ್ಕೆ ಜಾಗ ಇಲ್ಲ.

ಆಪರೇಷನ್ ದಿನ ಜಾಸ್ತಿ ಹೇಳೋದೇನಿಲ್ಲ. ರಾತ್ರಿ ಹತ್ತರ ಮೇಲೆ ಏನೂ ತಿನ್ನಂಗಿಲ್ಲ, ಬೆಳಿಗ್ಗೆ ನಿಲ್ಲಿಸಿ ಎದೆ ಮೇಲೆ ಪೆನ್ನಲ್ಲಿ ಗುರುತು ಮಾಡಿದ್ರು, ಮಲಗಿದ್ರೆ ಆಕಾರ ಬದಲಾಗುತ್ತಲ್ಲ ಅದಕ್ಕೆ ನಿಂತಾಗಲೇ ಬರೀಬೇಕು. ಪೂರ್ತಿ ಅರಿವಳಿಕೆ. ಕಣ್ಣು ಬಿಟ್ಟಾಗ ಎದೆ ಮೇಲೆ ಯಾರೋ ಸಿಮೆಂಟ್ ಮೂಟೆ ಇಟ್ಟಂಗೆ ಬಿಗಿ, ಎರಡೂ ಪಕ್ಕೇಲಿ ಒಳಗಿನ ನೀರು ರಕ್ತ ಹೊರಗೆ ಹೋಗೋ ಡ್ರೇನ್ ಪೈಪು. ಎರಡು ಗಂಟೆ ಹಿಡೀತಂತೆ.

ಹೊರಗೆ ಕೂತಿದ್ದ ಅಪ್ಪಾಜಿಗೆ ಸಿಸ್ಟರ್ ಡಬ್ಬಿ ತಂದು ತೋರಿಸಿದ್ರಂತೆ, ಲ್ಯಾಬಿಗೆ ಕಳಿಸ್ಬೇಕು ನೋಡಿ ಅಂತ. ಎರಡು ತುಂಡು, ಬಿಳೀ ಹಳದಿ ಬಣ್ಣ, ಮುಷ್ಟಿ ಗಾತ್ರ ಅಲ್ಲದಿದ್ರೂ ನಿಂಬೆಹಣ್ಣಿಗಿಂತ ದೊಡ್ಡದು. ಇದು ಕೊಬ್ಬಾ ಅಂತ ಕೇಳಿದಾರೆ, ಅಲ್ಲ ಯಜಮಾನ್ರೇ ಗ್ಲ್ಯಾಂಡು, ಇದು ಓಡಿದ್ರೆ ಕರಗಲ್ಲ ಅಂದಿದಾಳೆ ಆ ಹುಡುಗಿ. ಸಂಜೆ ರೂಮಿಗೆ ಬಂದು ಕುರ್ಚಿ ಎಳ್ಕೊಂಡು ಕೂತ್ರು, ತುಂಬ ಹೊತ್ತು ಮಾತಾಡ್ಲಿಲ್ಲ, ಆಮೇಲೆ 'ನಾನು ಸುಮ್ನೆ ನಿನ್ನ ಓಡು ಓಡು ಅಂತ ಕಾಡಿದ್ನಲ್ಲೋ' ಅಂದ್ರು. ನಂಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಅವತ್ತು ರಾತ್ರಿ ಪೂರ್ತಿ ಅವ್ರೇ ಕೂತಿದ್ರು, ಅಮ್ಮನ್ನ ಮನೆಗೆ ಕಳಿಸಿ.

ಕಷ್ಟ ಇರೋದು ಆಪರೇಷನ್ ಆದ್ಮೇಲೆ, ಇದನ್ನ ಯಾವ ಮೆಸೇಜಲ್ಲೂ ಬರೆಯಲ್ಲ. ಮೂರನೇ ದಿನ ಡ್ರೇನ್ ತೆಗೆದ್ರು, ಒಂಬತ್ತನೇ ದಿನ ಹೊಲಿಗೆ. ಮೊದಲ ವಾರ ದಿಂಬು ಎತ್ತರ ಇಟ್ಕೊಂಡು ಬೆನ್ನ ಮೇಲೇ ಮಲಗ್ಬೇಕು, ತಲೆ ಬಾಚೋಕೆ ಕೈ ಎತ್ತಿದ್ರೂ ಎಳೆಯುತ್ತೆ, ನೋವು ಮಾತ್ರೇಲಿ ತಡ್ಕೊಳ್ಳೋವಷ್ಟೇ. ಎದೆಯಿಂದ ಪಕ್ಕೆವರೆಗೂ ನೀಲಿ, ಆಮೇಲೆ ಹಳದಿ, ನೋಡಿ ಅಮ್ಮ ಅತ್ತರು. ಹಂಗಾಗೋದು ಸಹಜ, ಮೂರು ವಾರದಲ್ಲಿ ಹೋಯ್ತು. ಒತ್ತುಬನಿಯನ್ ಆರು ವಾರ, ಮೊದಲ ಒಂದು ತಿಂಗಳು ಸ್ನಾನ ಬಿಟ್ರೆ ಇಪ್ಪತ್ನಾಲ್ಕು ಗಂಟೆ. ಆಸ್ಪತ್ರೆ ಮೆಡಿಕಲ್ಸಲ್ಲಿ ನನ್ನ ಸೈಜ್ ಇರ್ಲಿಲ್ಲ, ಮೊದಲ ನಾಲ್ಕು ದಿನ ದೊಡ್ಡ ಸೈಜ್ ಹಾಕಿ ಮೇಲೆ ಬ್ಯಾಂಡೇಜ್ ಸುತ್ತಿದ್ರು, ಸರಿಯಾದ್ದು ಬೆಂಗಳೂರಿಂದ ಕೊರಿಯರಲ್ಲಿ ಬಂತು. ನನ್ನ ಮೂರನೇ ದೂರು ಇದು, ಎಲ್ಲಕ್ಕಿಂತ ದೊಡ್ಡದೂ ಇದೇ. ಆಪರೇಷನ್ ಡೇಟ್ ಎರಡು ವಾರ ಮುಂಚೆ ಕೊಟ್ಟಿದ್ರು, ಟೇಪ್ ಹಿಡಿದು ಅಳತೆ ತಗೊಂಡು ಆವತ್ತೇ ತರಿಸಿಡಬಹುದಿತ್ತು. ನೀವು ಹೋದ್ರೆ ಮೊದಲೇ ಅಳತೆ ಕೊಟ್ಟು ಎರಡು ತರಿಸಿ, ಒಂದು ಒಗೆಯೋಕೆ ಒಂದು ಹಾಕೋಕೆ. ನಮ್ಮೂರ ಮಾರ್ಚ್ ಬಿಸಿಲಲ್ಲಿ ಅದನ್ನ ಹಾಕ್ಕೊಂಡು ಹಾರ್ಡ್‌ವೇರ್ ಅಂಗಡೀಲಿ ನಿಲ್ಲೋದು ಸುಲಭ ಅಲ್ಲ, ಬೆವರುಸಾಲೆ ಎದ್ದು ಕೆರೆತ. ಆಗುತ್ತೆ ಅನ್ನೋರು ನವೆಂಬರ್ ಡಿಸೆಂಬರಲ್ಲಿ ಮಾಡಿಸ್ಕೊಳ್ಳಿ.

ಹನ್ನೊಂದನೇ ದಿನ ಬಲಗಡೆ ಮತ್ತೆ ಉಬ್ಬಿತು, ಒತ್ತಿದ್ರೆ ನೀರು ತುಂಬಿದ ಬಲೂನ್ ಥರ. ಜೀವ ಹಾರಿಹೋಯ್ತು, ದುಡ್ಡೂ ಹೋಯ್ತು ಎದೇನೂ ವಾಪಸ್ ಬಂತು ಅಂದ್ಕೊಂಡು ರಾತ್ರಿ ಒಂಬತ್ತಕ್ಕೆ ಡಾಕ್ಟ್ರಿಗೆ ಫೋನ್ ಮಾಡಿದೆ. ಅವ್ರೇ ಎತ್ತಿದ್ರು. ಬೆಳಿಗ್ಗೆ ಬಾ ಇದು ಸಿರೋಮಾ ಅಂದ್ರು, ಅಂದ್ರೆ ತೆಗೆದ ಜಾಗದಲ್ಲಿ ನೀರು ಸೇರ್ಕೊಳ್ಳೋದು. ಸಿರಿಂಜಲ್ಲಿ 20 ಎಂಎಲ್ ತೆಗೆದ್ರು, ನಾಲ್ಕು ದಿನ ಬಿಟ್ಟು ಇನ್ನೊಂದು ಸಲ ಸ್ವಲ್ಪ, ಆಮೇಲೆ ಬರ್ಲಿಲ್ಲ. ಎರಡಕ್ಕೂ ಒಂದು ರೂಪಾಯಿ ತಗೊಳ್ಳಲಿಲ್ಲ. ಇದೇ ಬೆಂಗಳೂರಲ್ಲಿ ಮಾಡಿಸಿದ್ರೆ ಸಿರಿಂಜ್ ಚುಚ್ಚಿಸ್ಕೊಳ್ಳೋಕೆ 260 ಕಿಲೋಮೀಟರ್ ಬಸ್ಸಲ್ಲಿ ಕುಲುಕಾಡ್ಕೊಂಡು ಹೋಗ್ಬೇಕಿತ್ತು. ಹತ್ರದಲ್ಲಿ ಒಳ್ಳೇ ಸರ್ಜನ್ ಇದ್ರೆ ಹತ್ರದಲ್ಲೇ ಮಾಡಿಸಿ ಅನ್ನೋದು ಇದಕ್ಕೇ, ಮೊದಲ ತಿಂಗಳಲ್ಲಿ ನಾನು ಏಳು ಸಲ ಹೋಗಿದೀನಿ. ಚಿತ್ರದುರ್ಗದಿಂದ ಬರೋರು ಮೊದಲ ಮೂರು ದಿನ ಇಲ್ಲೇ ಯಾರಾದ್ರೂ ನೆಂಟ್ರ ಮನೇಲಿ ಉಳ್ಕೊಂಡ್ರೆ ಒಳ್ಳೇದು. ಸಿರೋಮಾ ಅಲ್ಲದೇ ಒಂದೇ ಕಡೆ ದಿಢೀರಂತ ಕಪ್ಪಗೆ ಉಬ್ಬಿ ಜೋರು ನೋವು ಬಂದ್ರೆ ಒಳಗೆ ರಕ್ತ ಸೇರಿರಬಹುದು, ಅದಕ್ಕೆ ಬೆಳಿಗ್ಗೆವರೆಗೂ ಕಾಯಂಗಿಲ್ಲ, ತಕ್ಷಣ ಹೋಗ್ಬೇಕು ಅಂತ ಡಿಸ್ಚಾರ್ಜ್ ಮಾಡುವಾಗ್ಲೇ ಹೇಳಿದ್ರು.

ಆರು ದಿನಕ್ಕೆ ಕೆಲಸಕ್ಕೆ ಹೋದೆ, ಬಿಲ್ಲಿಂಗ್ ಮಾತ್ರ, ಭಾರ ಎತ್ತೋದು ಆರು ವಾರ ಇಲ್ಲ. ಬೈಕು ಎರಡೂವರೆ ವಾರ ಬಿಟ್ಟು. ಬೀಡಿ ಸಿಗರೇಟ್ ಇರೋರು ಮುಂಚೆನೇ ಬಿಡ್ಬೇಕು, ಇಲ್ಲಾಂದ್ರೆ ಗಾಯ ಬೇಗ ಒಣಗಲ್ಲ, ನಂಗೆ ಆ ಚಟ ಇರ್ಲಿಲ್ಲ.

ಬಯಾಪ್ಸಿ ರಿಪೋರ್ಟ್ ಎಂಟನೇ ದಿನ ಬಂತು, ಕೆಟ್ಟದ್ದೇನೂ ಇಲ್ಲ. ಗಂಡಸ್ರಿಗೂ ಎದೆ ಕ್ಯಾನ್ಸರ್ ಬರುತ್ತೆ, ಒಟ್ಟು ಎದೆ ಕ್ಯಾನ್ಸರಲ್ಲಿ ನೂರಕ್ಕೆ ಒಂದರಷ್ಟು. ಕಲ್ಲಿನಂಗೆ ಗಟ್ಟಿ, ಒಂದೇ ಕಡೆ, ಮಧ್ಯಕ್ಕಿಲ್ಲದೇ ಪಕ್ಕಕ್ಕಿದ್ರೆ, ಚರ್ಮಕ್ಕೆ ಅಂಟಿದ್ರೆ, ಮೊಲೆತೊಟ್ಟಿಂದ ರಕ್ತ ಬಂದ್ರೆ ನಾಚ್ಕೋತಾ ಕೂರಬೇಡಿ, ವಯಸ್ಸಾದವ್ರು ಅಂತೂ ಕೂರಲೇಬೇಡಿ.

ಈಗ ಹೆಂಗಿದೆ ಅಂದ್ರೆ, ಎಡಗಡೆ ಚಪ್ಪಟೆ, ಕಲೆ ಹುಡುಕ್ಬೇಕು. ಬಲಗಡೆ ನೀರು ಸೇರಿದ್ದ ಜಾಗದಲ್ಲಿ ಒಂದು ಸಣ್ಣ ಗಟ್ಟಿ ಇದೆ, ದಿನಾ ಎರಡು ಸಲ ಐದೈದು ನಿಮಿಷ ಎಣ್ಣೆ ಹಚ್ಚಿ ತೀಡ್ತೀನಿ, ಕಮ್ಮಿ ಆಗ್ತಿದೆ. ಎರಡೂ ಕಡೆ ಮೊಲೆತೊಟ್ಟಿಗೆ ಮುಟ್ಟಿದ್ದು ಅರ್ಧ ಅಷ್ಟೇ ಗೊತ್ತಾಗುತ್ತೆ, ಕೆಲವ್ರಿಗೆ ಒಂದು ವರ್ಷದಲ್ಲಿ ಸ್ಪರ್ಶ ವಾಪಸ್ ಬರುತ್ತೆ ಕೆಲವ್ರಿಗೆ ಪೂರ್ತಿ ಬರಲ್ಲ ಅಂತ ಮೊದಲೇ ಹೇಳಿ ಸಹಿ ಹಾಕಿಸ್ಕೊಂಡಿದ್ರು. ಎರಡು ಕಡೆ ನೂರಕ್ಕೆ ನೂರು ಒಂದೇ ಥರ ಇಲ್ಲ. ನಂಗೆ ಅಷ್ಟು ಸಾಕು. ಡಾಕ್ಟ್ರಿಗೆ ಐದಕ್ಕೆ ಐದು, ಆಸ್ಪತ್ರೆ ಆಫೀಸಿಗೆ ಎರಡೂವರೆ. ಯುಗಾದಿಗೆ ಎಣ್ಣೆಸ್ನಾನಕ್ಕೆ ಹಿತ್ತಲಲ್ಲಿ ಅಂಗಿ ಬಿಚ್ಚಿ ಕೂತಿದ್ದೆ, ಆ ದೊಡ್ಡಪ್ಪನೇ ಬೆನ್ನಿಗೆ ಎಣ್ಣೆ ತಿಕ್ಕಿದ್ರು.

ಹರಿಹರದ ಹುಡುಗನ್ನ ಮೊನ್ನೆ ಮಂಗಳವಾರ ನಾನೇ ಅದೇ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ರಿಸೆಪ್ಷನ್ನಲ್ಲಿ ಅವನ ಬದಲು ನಾನೇ ಚೀಟಿ ಬರೆದುಕೊಟ್ಟೆ. ಒಳಗೆ ಅದೇ ಎರಡು ಬೆರಳು, ಅವನಿಗೆ ಏನೂ ತಡೀಲಿಲ್ಲ, ಬೆರಳು ಎರಡೂ ಬಂದು ಸೇರಿದ್ವು. 'ನಿಂದು ಕೊಬ್ಬು ಕಣಪ್ಪಾ, ಹತ್ತೊಂಬತ್ತು ವರ್ಷ ನಿಂಗೆ, ಐದಾರು ಕೆಜಿ ಇಳಿಸ್ಕೊಂಡು ನಾಲ್ಕು ತಿಂಗಳು ಬಿಟ್ಟು ಬಾ, ಆಗ ನೋಡೋಣ' ಅಂತ ಹೇಳಿ ಥೈರಾಯ್ಡಿಗೆ ಮಾತ್ರ ರಕ್ತ ಬರೆದ್ರು. ಅಡ್ವಾನ್ಸ್ ಕಟ್ಟಲ್ಲ ಅಂತ ಅವನು ಅಲ್ಲೇ ಕಾರಿಡಾರಲ್ಲಿ ನಿಂತು ಆ ಏಜೆನ್ಸಿಗೆ ಮೆಸೇಜ್ ಮಾಡಿದ. ರಕ್ತದ ರಿಪೋರ್ಟು ಶನಿವಾರ ಬರುತ್ತೆ.